150 ಪಿ.ಎಸ್.ಐ. ಎಂಬ ಮಾಯಾಮೃಗ

ಅಮೆರಿಕದ ಯಾವುದೇ ವಾಹನ ಸಾಮಗ್ರಿಗಳ ಅಂಗಡಿಗೆ ಹೋಗಿ ನೋಡಿ. ಗಾಳಿ ತುಂಬುವ ಪುಟ್ಟ ಕಂಪ್ರೆಸರುಗಳ ಡಬ್ಬದ ಮೇಲೆ ಒಂದು ಅಂಕಿ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಮೆರೆಯುತ್ತಿರುತ್ತದೆ: 150 ಪಿ.ಎಸ್.ಐ.! ಈ ಅಂಕಿಯನ್ನು ನಂಬಿ ದೊಡ್ಡ ಬಂಡಿಗೆ ಕಂಪ್ರೆಸರ್ ಕೊಳ್ಳುವವರು ಮೋಸಹೋಗುತ್ತಾರೆ ಎಂಬುದೇ ಈ ಬರಹದ ವಾದ. ಪ್ರೌಢಶಾಲೆಯಲ್ಲಿ ಮೂರು ದಶಕ ವಿಜ್ಞಾನ ಬೋಧಿಸಿದ ನನಗೆ, ಒತ್ತಡ ಮತ್ತು ಪ್ರಮಾಣದ ನಡುವಿನ ಭೇದವನ್ನು ವ್ಯಾಪಾರಿಗಳು ಹೀಗೆ ಕಲಸುಮೇಲೋಗರ ಮಾಡುವುದನ್ನು ಕಂಡು ಸುಮ್ಮನಿರಲಾಗುತ್ತಿಲ್ಲ.

ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೋಗಿಬರುವ ನಮ್ಮಂಥ ನಿವೃತ್ತರಿಗೆ 'ಆರ್.ವಿ.' ಹೊಸದೇನಲ್ಲ. ಅಡುಗೆಮನೆ, ಮಲಗುವ ಕೋಣೆ, ಬಚ್ಚಲುಮನೆಗಳನ್ನೆಲ್ಲ ಹೊತ್ತು ಸಾಗುವ ಮನೆಬಂಡಿ ಅದು. ಮಧ್ಯಮ ಗಾತ್ರದ ಇಂಥ ಬಂಡಿಗೆ ಸಾಮಾನ್ಯವಾಗಿ ಮುಂದೆ ಎರಡು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು, ಒಟ್ಟು ಆರು ಟೈರುಗಳು. ಕಾರಿನ ಟೈರಿಗೆ 33 ಪಿ.ಎಸ್.ಐ. ಆಸುಪಾಸು ಸಾಕಾದರೆ, ಇವುಗಳ ಹಿಂಬದಿಯ ಟೈರುಗಳಿಗೆ 80ರ ಹತ್ತಿರ ಬೇಕು. ಬಸ್ಸಿನಷ್ಟು ದೊಡ್ಡ ಬಂಡಿಗಳಿಗಾದರೆ ನೂರನ್ನೂ ದಾಟುವುದುಂಟು.

ನನ್ನ ಅಳಿಯಂದಿರು ಹಳೆಯ ಮನೆಬಂಡಿಯೊಂದನ್ನು ಕೊಂಡಾಗ ಜೊತೆಗೆ ಅಂಗೈಯಗಲದ ಕಂಪ್ರೆಸರೊಂದನ್ನೂ ತರಿಸಿದ್ದರು. "ಮಾವ, ನಮಗೆ ಬೇಕಾದ್ದು 80. ಇದು 150 ಕೊಡುತ್ತದೆ. ನಾಲ್ಕೂವರೆ ನಕ್ಷತ್ರ ಬೇರೆ ಇದೆ!" ಎಂದರು. ಲೆಕ್ಕ ಸರಿಯೆಂದೇ ತೋರುತ್ತದಲ್ಲವೇ? ಆದರೆ ಯೋಚಿಸಿ. ಸ್ಪರ್ಧೆಯ ಸೈಕಲ್ಲಿಗೆ ಬಳಸುವ ಕೈಪಂಪು ಕೂಡ 100 ಪಿ.ಎಸ್.ಐ. ದಾಟಬಲ್ಲದು. ಅದರಿಂದ ಲಾರಿಯ ಚಕ್ರಕ್ಕೆ ಗಾಳಿ ಹೊಡೆಯಲು ಕುಳಿತವರನ್ನು ನಾವು ಜಾಣರೆನ್ನುತ್ತೇವೆಯೇ? ಗರಿಷ್ಠ ಒತ್ತಡವೆಂದರೆ ಪಂಪು ಏದುಸಿರು ಬಿಡುತ್ತಾ ನಿಲ್ಲುವ ಜಾಗ. ಅಲ್ಲಿ ಗಾಳಿಯ ಹರಿವು ಬಹುತೇಕ ಸೊನ್ನೆ. ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ: 80 ಪಿ.ಎಸ್.ಐ. ಎದುರೊತ್ತಡವಿರುವಾಗ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಹೋಗುತ್ತದೆ?

ಒಂದು ಸರಳ ಲೆಕ್ಕ ಮಾಡೋಣ. ಇಂಥ ಟೈರಿನ ಒಳಗಿನ ಜಾಗ ಸುಮಾರು 50 ಲೀಟರ್. ಚಳಿಗಾಲವಿಡೀ ನಿಂತಲ್ಲೇ ನಿಂತು ಅದರ ಗಾಳಿ 60ಕ್ಕೆ ಇಳಿದಿದೆಯೆನ್ನಿ. 80ಕ್ಕೆ ಏರಿಸಲು ಹೊರಗಿನ ಗಾಳಿ ಸುಮಾರು 68 ಲೀಟರ್ ಬೇಕು. ಕಾರಿನ 30 ಲೀಟರಿನ ಟೈರನ್ನು 28ರಿಂದ 33ಕ್ಕೆ ಏರಿಸಲು ಹತ್ತೇ ಲೀಟರ್ ಸಾಕು. ಅಂದರೆ ಒಂದೊಂದು ಟೈರಿಗೂ ಸುಮಾರು ಏಳು ಪಟ್ಟು ಕೆಲಸ, ಅದೂ ಎರಡು ಪಟ್ಟಿಗೂ ಮೀರಿದ ಒತ್ತಡಕ್ಕೆ ಎದೆಗೊಟ್ಟು! ಡಬ್ಬದ ಮೇಲೆ ನಿಮಿಷಕ್ಕೆ 35 ಲೀಟರ್ ಎಂದಿದ್ದರೂ ಅದು ಎದುರೊತ್ತಡವೇ ಇಲ್ಲದಾಗಿನ ಮಾತು. ಒತ್ತಡದೆದುರು ಅದರ ಮೂರನೇ ಒಂದು ಭಾಗ ಉಳಿಯಿತೆಂದು ಇಟ್ಟುಕೊಂಡರೂ ಟೈರಿಗೆ ಆರು ನಿಮಿಷ, ಆರು ಟೈರಿಗೆ 36 ನಿಮಿಷ.

ಅಷ್ಟೇ ತಾನೇ ಎನ್ನಬೇಡಿ. ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿದ ಯಾವ ಹುಡುಗನಿಗೂ ಇದು ಗೊತ್ತು. ಆದ್ದರಿಂದ ಪ್ರತಿ ಕಂಪ್ರೆಸರಿಗೂ 'ಡ್ಯೂಟಿ ಸೈಕಲ್' ಎಂಬ ಮಿತಿಯಿದೆ. ಅದು ಶೇಕಡ 33 ಎಂದಿದ್ದರೆ, ಹತ್ತು ನಿಮಿಷ ದುಡಿದ ಯಂತ್ರಕ್ಕೆ ಇಪ್ಪತ್ತು ನಿಮಿಷ ವಿಶ್ರಾಂತಿ ಬೇಕು. ಹೀಗೆ ನಮ್ಮ 36 ನಿಮಿಷ ಒಂದೂವರೆ ಗಂಟೆಯನ್ನೂ ಮೀರುತ್ತದೆ. ಇಷ್ಟು ಮುಖ್ಯವಾದ ಅಂಕಿ ಎಲ್ಲಿರುತ್ತದೆ? ಕೈಪಿಡಿಯ ಒಳಪುಟದಲ್ಲಿ, ಇರುವೆಯಕ್ಷರಗಳಲ್ಲಿ!

ಇನ್ನು ವಿದ್ಯುತ್ತಿನ ವಿಚಾರ. ಸಿಗರೇಟ್ ಹಚ್ಚುವ ಸಾಕೆಟ್ಟಿಗೆ ಸಾಮಾನ್ಯವಾಗಿ 15 ಅಥವಾ 20 ಆಂಪಿಯರಿನ ಫ್ಯೂಸ್ ಇರುತ್ತದೆ. 12 ವೋಲ್ಟಿನಲ್ಲಿ 15 ಆಂಪಿಯರ್ ಎಂದರೆ ಬರೀ 180 ವ್ಯಾಟ್. ಅಷ್ಟು ಕಡಿಮೆ ಶಕ್ತಿಯಲ್ಲಿ ದುಡಿಯುವ ಪಂಪು ಕಾರಿಗೆ ಸರಿ, ಮನೆಬಂಡಿಗೆ ಸಾಲದು. 30 ಆಂಪಿಯರ್ ಎಳೆಯುವ ಯಂತ್ರವನ್ನು ಕ್ಲಿಪ್ಪುಗಳ ಮೂಲಕ ನೇರವಾಗಿ ಬ್ಯಾಟರಿಗೇ ಜೋಡಿಸಬೇಕು. ಬ್ಯಾಟರಿಯಿರುವುದು ಮುಂದೆ, ಟೈರಿರುವುದು ಹಿಂದೆ, ನಡುವೆ ಇಪ್ಪತ್ತೈದು ಅಡಿ! ಕೊಳವೆ ಗಿಡ್ಡವಾದರೆ ಮಾಡುವುದೇನು? ಹಿಂದಿನ ಜೋಡಿಚಕ್ರಗಳಲ್ಲಿ ಒಳಗಿನದರ ವಾಲ್ವು ಕೈಗೆ ಎಟುಕುವುದೇ ಕಷ್ಟ. ಅಲ್ಲಿಗೆ ತಲುಪುವ ಉದ್ದ ಮೂತಿಯಿಲ್ಲದಿದ್ದರೆ ಎಂಥ ಬಲಭೀಮ ಯಂತ್ರವೂ ನಿಷ್ಪ್ರಯೋಜಕ. ಜನ ಹೊರಚಕ್ರಕ್ಕೆ ಮಾತ್ರ ಗಾಳಿ ತುಂಬಿ ಕೈತೊಳೆದುಕೊಳ್ಳುವುದು ಇದರಿಂದಲೇ. ಆಗ ಭಾರವೆಲ್ಲ ಒಂದೇ ಟೈರಿನ ಮೇಲೆ ಬೀಳುತ್ತದೆ.

"ಪೆಟ್ರೋಲ್ ಬಂಕಿನಲ್ಲಿ ಗಾಳಿ ಸಿಗುತ್ತದಲ್ಲ?" ಎಂಬುದು ಬಹುಜನರ ವಾದ. ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಇಂಧನ ಕೊಂಡವರಿಗೆ ಗಾಳಿ ಉಚಿತವಾಗಿ ಕೊಡಬೇಕೆಂಬ ಕಾನೂನೇ ಇದೆ. ಆದರೆ ಟೈರಿನ ಒತ್ತಡವನ್ನು ಅಳೆಯಬೇಕಾದ್ದು ಅದು ತಣ್ಣಗಿರುವಾಗ, ಅಂದರೆ ಬಂಡಿ ಮೂರು ಗಂಟೆಯಾದರೂ ನಿಂತಿದ್ದ ಮೇಲೆ. ಓಡಿ ಬಿಸಿಯಾಗಿ ಬಂಕು ತಲುಪಿದ ಟೈರು ಸತ್ಯ ನುಡಿಯುವುದಿಲ್ಲ. ಮರುಭೂಮಿಯ 40 ಡಿಗ್ರಿ ಸೆಖೆಯಲ್ಲಿ ಸರಿಯಾಗಿ 80 ಇದ್ದ ಟೈರು, 10 ಡಿಗ್ರಿಯ ಬೆಳಗಿನಲ್ಲಿ (ಎತ್ತರದ ವ್ಯತ್ಯಾಸ ಬದಿಗಿಟ್ಟರೆ) 71ರ ಹತ್ತಿರಕ್ಕೆ ಇಳಿದಿರುತ್ತದೆ. ಹೊರಡುವ ಮುನ್ನ ತಂಗಿದಲ್ಲಿಯೇ ಗಾಳಿ ತುಂಬಬೇಕು. ನೆವಾಡಾದ ಟೋನೊಪಾದಿಂದ ಈಲಿಯವರೆಗೆ 150 ಮೈಲಿಗೂ ಹೆಚ್ಚು ದೂರ ಬಂಕೇ ಇಲ್ಲದ ಹೆದ್ದಾರಿಯಿದೆ ಎಂಬುದೂ ನೆನಪಿರಲಿ.

"ಕರೆ ಮಾಡಿದರೆ ಸಹಾಯಕ್ಕೆ ಬರುತ್ತಾರೆ" ಎನ್ನುವವರೂ ಇದ್ದಾರೆ. ಬರುತ್ತಾರೆ, ಟೈರು ಸಿಡಿದ ಮೇಲೆ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಇದು ಕೇವಲ ಅನುಕೂಲದ ಮಾತಲ್ಲ, ಪ್ರಾಣದ ಮಾತು. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಂತೆ ಅದರ ಪದರಗಳು ಬಿಡುತ್ತವೆ. 2000ನೇ ಇಸವಿಯಲ್ಲಿ ಫೈರ್‌ಸ್ಟೋನ್ ಸಂಸ್ಥೆ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡ ಪ್ರಕರಣದಲ್ಲಿ ಟೈರಿನ ದೋಷದ ಜೊತೆಗೆ, ಫೋರ್ಡ್ ಸಂಸ್ಥೆ ಸೂಚಿಸಿದ್ದ 26 ಪಿ.ಎಸ್.ಐ. ಒತ್ತಡವೂ ತೀವ್ರ ವಿವಾದಕ್ಕೊಳಗಾಗಿತ್ತು. ಆ ಬಳಿಕ ಬಂದ ಕಾನೂನಿನಿಂದಾಗಿ 2007ರ ಸೆಪ್ಟೆಂಬರಿನಿಂದ ಹೊಸ ಲಘುವಾಹನಗಳಲ್ಲೆಲ್ಲ ಒತ್ತಡ ಕುಸಿತದ ಎಚ್ಚರಿಕೆ ದೀಪ ಕಡ್ಡಾಯವಾಯಿತು. ಆದರೆ ಆ ನಿಯಮ 10,000 ಪೌಂಡ್ ಮಿತಿಯೊಳಗಿನ ವಾಹನಗಳಿಗೆ ಮಾತ್ರ. ಅದನ್ನು ಮೀರಿದ ಮನೆಬಂಡಿಗಳು, ಅಂದರೆ ಹೆಚ್ಚು ಭಾರ ಹೊರುವವೇ, ಅದರಾಚೆ ಉಳಿದಿವೆ. ಅಲ್ಲಿ ಕಾವಲು ಕಾಯಬೇಕಾದವರು ಮಾಲೀಕರೇ.

ಆದ್ದರಿಂದ ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ನನ್ನ ಮಾತಿಷ್ಟೇ. ಮೊದಲು ನಿಮ್ಮ ಬಂಡಿಯ ಚೀಟಿಯಲ್ಲಿ ಬರೆದಿರುವ ಒತ್ತಡವನ್ನು ಓದಿ. ಆ ಒತ್ತಡದಲ್ಲಿ ಗಾಳಿಯ ಹರಿವೆಷ್ಟು, ವಿಶ್ರಾಂತಿಯಿಲ್ಲದೆ ಎಷ್ಟು ನಿಮಿಷ ಓಡುತ್ತದೆ, ಕೊಳವೆ ಕೊನೆಯ ಒಳಚಕ್ರಕ್ಕೆ ಮುಟ್ಟುತ್ತದೆಯೇ ಎಂದು ಕೇಳಿ. ಉತ್ತರ ಹೇಳದ ಡಬ್ಬವನ್ನು ಕಪಾಟಿಗೇ ಮರಳಿಸಿ. ಒಳ್ಳೆಯ ಮಾಪಕವೊಂದನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. ನಕ್ಷತ್ರ ಕೊಟ್ಟವರಲ್ಲಿ ಎಷ್ಟು ಮಂದಿ ಕಾರಿನವರೋ, ಚೆಂಡಿಗೆ ಗಾಳಿ ತುಂಬಿದವರೋ ಯಾರು ಬಲ್ಲರು?

ತಯಾರಕರಿಗೂ ಒಂದು ಸವಾಲು. ನಿಮ್ಮ ಯಂತ್ರ ನಿಜಕ್ಕೂ ಸಮರ್ಥವಾಗಿದ್ದರೆ, "ಇಂಥ ಅಳತೆಯ ಟೈರನ್ನು 60ರಿಂದ 80ಕ್ಕೆ ಇಷ್ಟು ನಿಮಿಷದಲ್ಲಿ ಏರಿಸುತ್ತದೆ" ಎಂದು ಆ ದಪ್ಪಕ್ಷರಗಳಲ್ಲೇ ಅಚ್ಚು ಹಾಕಿಸಿ. ಪ್ರಶ್ನೆಗೆ ಉತ್ತರ ಬರೆಯದೆ ಹಾಳೆ ತುಂಬಾ ಬೇರೇನೋ ಗೀಚಿದ ವಿದ್ಯಾರ್ಥಿಗೆ ನಾನು ಎಂದೂ ಅಂಕ ಕೊಟ್ಟವನಲ್ಲ. ನಿಮಗೇಕೆ ಕೊಡಲಿ?