ಶೇಡಿ ಮಣ್ಣಿಗೆ ಸಿಮೆಂಟಿನ ಬಲ

ಸಹೋದರಿಯರೇ, ಮನೆಯ ಯಜಮಾನರು ಗಲ್ಫ್‌ನಲ್ಲಿದ್ದರೆ ಊರಲ್ಲಿ ಮನೆ ಕಟ್ಟಿಸುವ ಹೊಣೆ ಹೆಚ್ಚಾಗಿ ನಿಮ್ಮ ಹೆಗಲಿಗೇ ಬೀಳುತ್ತದೆ. ಟೈಲ್ಸ್ ಆರಿಸಲು ಹತ್ತು ಅಂಗಡಿ ಸುತ್ತುವ ನಾವು, ಪಂಚಾಂಗದ ಕೆಳಗಿನ ಮಣ್ಣು ಎಂಥದ್ದೆಂದು ಕೇಳುವುದೇ ಇಲ್ಲ.

ಮಂಗಳೂರಿನ ಗುಡ್ಡಗಳಲ್ಲಿ ಮೇಲೆ ಮುರಕಲ್ಲು, ಅದರಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬೆರೆತ ನುಣುಪಾದ ಶೇಡಿ ಮಣ್ಣು. ಒಣಗಿದಾಗ ಇದು ಗಟ್ಟಿ. ನೀರು ಹೀರಿದರೆ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಇಲ್ಲಿ ಸುರಿಯುವುದಾದರೋ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿದ ಮಳೆ. ಗುಡ್ಡ ಅಗೆದು ನಿವೇಶನ ಮಾಡಿದಾಗ ಮುರಕಲ್ಲಿನ ಹೊದಿಕೆ ಹೋಗಿ, ಶೇಡಿ ಮಣ್ಣು ಮಳೆಗೆ ಮೈಯೊಡ್ಡುತ್ತದೆ.

ಈ ಮಣ್ಣನ್ನು ಸಿಮೆಂಟಿನಿಂದ ಬಲಪಡಿಸಬಹುದು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ಬಗ್ಗೆ ಸಂಶೋಧನೆಗಳು ನಡೆದಿವೆ. ಸಿಮೆಂಟ್ ನೀರಿನೊಂದಿಗೆ ಸೇರಿ ಗಟ್ಟಿಯಾಗುವಾಗ ಮಣ್ಣಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಆದರೆ ಮೇಲಿನಿಂದ ಸಿಮೆಂಟ್ ಉದುರಿಸಿ ನೀರು ಚಿಮುಕಿಸಿದರೆ ಸಾಲದು. ಉಪ್ಪನ್ನು ಹಿಟ್ಟಿಗೆ ಬೆರೆಸಿ ನಾದಬೇಕಲ್ಲದೆ ಬೆಂದ ರೊಟ್ಟಿಯ ಮೇಲೆ ಚೆಲ್ಲಿ ಏನು ಪ್ರಯೋಜನ? ಮಣ್ಣಿನ ಹೆಂಟೆ ಪುಡಿಮಾಡಿ, ಸಿಮೆಂಟ್ ಒಣದಾಗಿಯೇ ಬೆರೆಸಿ, ಹದವಾಗಿ ನೀರು ಹಾಕಿ, ಸುಮಾರು ಎರಡು ಗಂಟೆಯೊಳಗೆ ದಮ್ಮಸು ಮಾಡಬೇಕು. ಬಳಿಕ ಕನಿಷ್ಠ 7 ದಿನ ತೇವ ಆರಲು ಬಿಡಬಾರದು.

ನೀವೇ ಪರೀಕ್ಷಿಸಿ ನೋಡಿ. 10 ಲೋಟ ಪುಡಿಮಣ್ಣಿಗೆ 1 ಲೋಟ ಸಿಮೆಂಟ್ ಬೆರೆಸಿ, ನೀರು ಹಾಕಿ ಉಂಡೆ ಕಟ್ಟಿ. ಬರೀ ಮಣ್ಣಿನದೂ ಒಂದು ಉಂಡೆ ಇರಲಿ. ಸಿಮೆಂಟ್ ಚರ್ಮ ಸುಡುವುದರಿಂದ ಕೈಗವಸು ಮರೆಯದಿರಿ. 7 ದಿನ ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟು, ಆಮೇಲೆ ಎರಡನ್ನೂ ಒಣಗಿಸಿ ನೀರಿಗೆ ಹಾಕಿ. ಒಂದು ಕರಗುತ್ತಾ ಹೋಗುವುದು, ಇನ್ನೊಂದು ಉಳಿಯುವುದು ಕಣ್ಣಿಗೇ ಕಾಣುತ್ತದೆ.

ಆದರೆ ಈ ಉಂಡೆ ನೋಡಿ ಮನೆ ಕಟ್ಟಬೇಡಿ. ಸಿಮೆಂಟ್ ಎಷ್ಟು ಬೇಕು, ಅದೊಂದೇ ಸಾಕೇ ಎಂಬುದನ್ನು ಮಣ್ಣು ಪರೀಕ್ಷೆಯ ವರದಿ ನೋಡಿ ಇಂಜಿನಿಯರರೇ ಹೇಳಬೇಕು. ತುಂಬಿಸಿದ ಗದ್ದೆಯಾದರೆ ಇನ್ನೂ ಎಚ್ಚರ. ಕೊಳೆತ ಎಲೆ, ಬೇರು ಸೇರಿದ ಕಪ್ಪು ಮಣ್ಣಿನಲ್ಲಿ ಸಿಮೆಂಟ್ ಸರಿಯಾಗಿ ಹಿಡಿಯುವುದಿಲ್ಲ. ಕಡಿದ ಗುಡ್ಡ ಪಕ್ಕದಲ್ಲಿದ್ದರೆ ತಡೆಗೋಡೆಯೂ, ನೀರು ಹರಿದು ಹೋಗಲು ಚರಂಡಿಯೂ ಬೇಕೇ ಬೇಕು.

ಮಣ್ಣು ಪರೀಕ್ಷೆಗೆ ತಗಲುವ ಖರ್ಚು ದಂಡವೆನಿಸಬಹುದು. ಗೋಡೆ ಬಿರುಕು ಬಿಟ್ಟ ಮೇಲೆ ಪಂಚಾಂಗ ಬಿಚ್ಚಿ ಸರಿಪಡಿಸಲು ಎಷ್ಟಾದೀತೆಂದು ಒಮ್ಮೆ ಲೆಕ್ಕ ಹಾಕಿ. ಮುಂದಿನ ಕಂತು ಕೊಡುವ ಮೊದಲು ಗುತ್ತಿಗೆದಾರರಲ್ಲಿ ಆ ವರದಿ ಕೇಳಿ. ಬೆವರು ಸುರಿಸಿ ಕಳುಹಿಸಿದ ಹಣ ಅದು, ಕೇಳಲು ಸಂಕೋಚವೇಕೆ?