ಜಯಲಕ್ಷ್ಮಿ ವಿಲಾಸದ ಮಾಡು ಉಳಿಸಿಕೊಡುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಪಾರಂಪರಿಕ ಸಮಿತಿ, ಮೈಸೂರು.

ವಿಷಯ: ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಯ ಸೋರಿಕೆ ತಡೆ ಮತ್ತು ಜಾನಪದ ವಸ್ತುಗಳ ರಕ್ಷಣೆ ಕುರಿತು.
ಉಲ್ಲೇಖ: ಇದೇ ವಿಷಯವಾಗಿ ಹಿಂದೆ ಸಲ್ಲಿಸಿದ ನಮ್ಮ ಮನವಿಗಳು (ಸ್ವೀಕೃತಿ ಮೊಹರಿನೊಂದಿಗೆ ಪ್ರತಿ ಲಗತ್ತಿಸಿದೆ).

ಮಾನ್ಯರೇ,

ಕುಕ್ಕರಹಳ್ಳಿ ಕೆರೆ ಆಸುಪಾಸಿನ ನಿವಾಸಿಗಳು, ಗಂಗೋತ್ರಿಯ ಹಳೆಯ ವಿದ್ಯಾರ್ಥಿಗಳು ಮತ್ತು ಜಾನಪದ ಕಲಾವಿದರಾದ ನಾವು ತಮ್ಮಲ್ಲಿ ಮತ್ತೊಮ್ಮೆ ವಿನಂತಿಸಿಕೊಳ್ಳುವುದೇನೆಂದರೆ, ಹಿಂದಿನ ಮನವಿಗಳಿಗೆ ಮೊಹರಿನ ಹೊರತು ಬೇರೇನೂ ದೊರೆತಿಲ್ಲ. ಕಡತ ಪರಿಶೀಲನೆಯಲ್ಲಿದೆ ಎಂಬ ಉತ್ತರವನ್ನು ಇನ್ನೊಂದು ಮಳೆಗಾಲ ಕೇಳುವ ತಾಳ್ಮೆ ನಮಗಿಲ್ಲ; ತಾಳುವ ಶಕ್ತಿ ಆ ಅರಮನೆಯ ತೊಲೆಗಳಿಗೂ ಇಲ್ಲ.

ಈ ಅರಮನೆ ಕೈಬದಲಾದ ಬಗೆಯನ್ನು ತಮ್ಮ ಅವಗಾಹನೆಗೆ ತರುತ್ತೇವೆ. ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1905ರಲ್ಲಿ, ಸುಮಾರು 7 ಲಕ್ಷ ರೂಪಾಯಿ ವೆಚ್ಚದಲ್ಲಿ ಇದು ಎದ್ದಿತು. 1897ರಲ್ಲಿ ಅವರ ಕೈಹಿಡಿದಿದ್ದ ಎಂ. ಕಾಂತರಾಜ ಅರಸರು ಮುಂದೆ ಮೈಸೂರಿನ ದಿವಾನರಾದರು. ಸಂಸ್ಥಾನ ಹೋಗಿ ರಾಜ್ಯ ಬಂದ ಮೇಲೆ, 1959ರಲ್ಲಿ, ಕುವೆಂಪು ಕುಲಪತಿಗಳಾಗಿದ್ದಾಗ ಮೈಸೂರು ವಿಶ್ವವಿದ್ಯಾನಿಲಯ ಇದನ್ನು 10 ಲಕ್ಷ ರೂಪಾಯಿಗೆ ಕೊಂಡಿತು. ರಾಜಕುಮಾರಿಯ ಕಲ್ಯಾಣಮಂಟಪಕ್ಕೆ ರೈತರ, ಕೂಲಿಕಾರರ ಮಕ್ಕಳು ಕಾಲಿಟ್ಟದ್ದು ಆ ಕ್ರಯದಿಂದ. ಕನ್ನಡಿಗರು ಮಾಡಿದ ಒಳ್ಳೆಯ ಖರೀದಿಗಳಲ್ಲಿ ಇದೊಂದು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ.

ಆದರೆ ಕ್ರಯಪತ್ರದಲ್ಲಿ ಕಾಣದ ವಾರಸುದಾರರು ಇನ್ನೂ ಇದ್ದಾರೆ. ಜೀಶಂಪ, ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ತೊಗಲುಗೊಂಬೆ, ಸೋಮನ ಮುಖ, ಯಕ್ಷಗಾನದ ವೇಷಭೂಷಣ, ಒನಕೆ, ಕೊಳಗ, ಬಿತ್ತನೆಯ ಕೂರಿಗೆಗಳೇ ಇಲ್ಲಿನ ಜಾನಪದ ವಸ್ತುಸಂಗ್ರಹಾಲಯವಾದವು. ಅರಮನೆಯಲ್ಲಿ ಭದ್ರವಾಗಿರುತ್ತದೆಂದು ನಂಬಿ, ಪೂಜೆಗಿಟ್ಟಿದ್ದನ್ನೂ ಇಳಿಸಿ ಕೊಟ್ಟ ಮನೆತನದವರು ನಮ್ಮ ನಡುವೆ ಇದ್ದಾರೆ. ಆ ನಂಬಿಕೆಯ ಮೇಲೆ ಇಂದು ನೀರು ತೊಟ್ಟಿಕ್ಕುತ್ತಿದೆ. ತೊಗಲಿಗೆ ತೇವ ತಗುಲಿದರೆ ಬಣ್ಣ ಏಳುತ್ತದೆ, ಮರಕ್ಕೆ ತಗುಲಿದರೆ ಗೆದ್ದಲು ಬರುತ್ತದೆ. ಇದು ತಿಳಿಯಲು ತಜ್ಞರ ವರದಿಯೇ ಬೇಕೇ? ಒದ್ದೆ ಗೋಡೆ, ಉದುರಿದ ಗಾರೆ, ಬಾಗಿದ ತೊಲೆಗಳ ಛಾಯಾಚಿತ್ರಗಳು, ಪತ್ರಿಕಾ ವರದಿಗಳ ತುಣುಕುಗಳು ಮತ್ತು ವಸ್ತು ಕೊಟ್ಟ ಮನೆತನದವರ ಸಹಿ ಮಾಡಿದ ಹೇಳಿಕೆಗಳನ್ನು ಲಗತ್ತಿಸಿದ್ದೇವೆ. ದಯವಿಟ್ಟು ಈ ಬಾರಿ ಲಕೋಟೆ ತೆರೆದು ನೋಡಬೇಕು.

ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ 1 ಕೋಟಿ ರೂಪಾಯಿಗೂ ಮಿಕ್ಕಿ ವೆಚ್ಚವಾಗಿ, 2006ರಲ್ಲಿ ಈ ಅರಮನೆ ಹೊಸ ಕಳೆಯೊಂದಿಗೆ ತೆರೆದುಕೊಂಡಿತ್ತು. ದುಡ್ಡಿಲ್ಲದೆ ಕೆಟ್ಟಿತೆಂದು ಯಾರೂ ಹೇಳುವಂತಿಲ್ಲ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಿ, ದೋಣಿಯಲ್ಲಿ ಕಟ್ಟಿದ ಎಲೆ ತೆಗೆಸಿದ್ದರೆ ಈ ಪತ್ರವನ್ನೇ ಬರೆಯಬೇಕಿರಲಿಲ್ಲ.

ಆದ್ದರಿಂದ ಮುಂಗಾರಿಗೆ ಮೊದಲು ಮಾಡಿಗೆ ತಾತ್ಕಾಲಿಕ ಹೊದಿಕೆ ಹಾಕಿಸಬೇಕು. ಪ್ರತಿಯೊಂದು ವಸ್ತುವಿನ ಪಟ್ಟಿಯನ್ನು, ಅದು ಈಗ ಎಲ್ಲಿ, ಯಾವ ಸ್ಥಿತಿಯಲ್ಲಿದೆ ಎಂಬುದರೊಂದಿಗೆ ಪ್ರಕಟಿಸಬೇಕು. ದುರಸ್ತಿಯ ಮೇಲ್ವಿಚಾರಣೆಯಲ್ಲಿ ವಸ್ತು ಕೊಟ್ಟ ಮನೆತನಗಳಿಗೆ ಒಂದು ಸ್ಥಾನ ಕೊಡಬೇಕು. ಇವುಗಳಲ್ಲಿ ಮೊದಲನೆಯದಕ್ಕೆ ಸಭೆ ಕರೆಯುವ ಅಗತ್ಯವೂ ಇಲ್ಲ.

 

ಸ್ಥಳ ಪರಿಶೀಲನೆಯ ದಿನಾಂಕವನ್ನು ಲಿಖಿತವಾಗಿ ತಿಳಿಸಿದಲ್ಲಿ ನಾವೆಲ್ಲರೂ ಹಾಜರಿರುತ್ತೇವೆ.


ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದವರು)