ಬೆಟ್ಟಕ್ಕೆ ಎರಡು ಬಾಗಿಲು

ಊರಿನಲ್ಲಿ ನೆಂಟರ ಮನೆಗೆ ಹೊರಡುವವರು ಆ ಮನೆಯ ಬಾಗಿಲು ಯಾವ ಬೀದಿಗಿದೆಯೆಂದು ಮೊದಲೇ ವಿಚಾರಿಸಿಕೊಳ್ಳುತ್ತಾರೆ. ಬೆಟ್ಟಕ್ಕೆ ಹೊರಡುವವರಿಗೆ ಮಾತ್ರ ಈ ವಿಚಾರ ಹೊಳೆಯುವುದಿಲ್ಲ. ಶಿಖರದ ಹೆಸರು ಕೇಳಿ, ಎತ್ತರವನ್ನು ತಿಳಿದು, ಚಿತ್ರವನ್ನು ನೋಡಿ ಮೆಚ್ಚಿ ಹೊರಟೇಬಿಡುತ್ತಾರೆ. ಎಲ್ಲಿಂದ ಹತ್ತುವುದು, ಎಲ್ಲಿಗೆ ಇಳಿಯುವುದು, ಇಳಿದ ಮೇಲೆ ಊರಿಗೆ ಮರಳುವುದು ಹೇಗೆ ಎಂಬುದೆಲ್ಲ ನೆನಪಿಗೆ ಬರುವುದು ಬಸ್ಸಿನಲ್ಲಿ ಕುಳಿತ ಮೇಲೆ. 'ಅಲ್ಲಿ ಹೋಗಿ ನೋಡಿಕೊಂಡರಾಯಿತು' ಎಂಬ ಮಾತು ಮದುವೆಮನೆಗೆ ಒಪ್ಪುವಂಥದು, ಬೆಟ್ಟಕ್ಕೆ ಒಪ್ಪುವುದಿಲ್ಲ.

ಕುಮಾರ ಪರ್ವತವನ್ನೇ ನೋಡಬಹುದು. ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಕೂಡುವೆಡೆಯಲ್ಲಿ, ಪುಷ್ಪಗಿರಿ ವನ್ಯಧಾಮದ ಕಾಡುಗಳ ಮೇಲೆ ತಲೆಯೆತ್ತಿರುವ ಈ ಶಿಖರದ ಎತ್ತರ 1,712 ಮೀಟರ್. ಕೊಡಗಿನ ಬೆಟ್ಟಗಳಲ್ಲಿ ಇದನ್ನು ಮೀರಿಸಿದ್ದು ತಡಿಯಂಡಮೋಳ್. ಘಟ್ಟದ ಮೇಲಿನವರಿಗೆ ಇದು ಪುಷ್ಪಗಿರಿ. ಕೆಳಗಿನವರಿಗೆ ಕುಮಾರ ಪರ್ವತ. ಅಸುರನನ್ನು ಸಂಹರಿಸಿ ಬಂದ ಕುಮಾರಸ್ವಾಮಿಯು ತನ್ನ ಆಯುಧವನ್ನು ತೊಳೆದ ಹೊಳೆಯೇ ಕುಮಾರಧಾರೆಯೆಂದು ಸ್ಥಳಪುರಾಣ ಹೇಳುತ್ತದೆ. ಆ ಹೊಳೆ ಕುಕ್ಕೆ ಸುಬ್ರಹ್ಮಣ್ಯದ ಮಗ್ಗುಲಲ್ಲಿ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಹೆಸರು ಎರಡಿರುವಂತೆ ಈ ಬೆಟ್ಟಕ್ಕೆ ಬಾಗಿಲುಗಳೂ ಎರಡು: ಪಶ್ಚಿಮದಲ್ಲಿ ಕುಕ್ಕೆ, ಪೂರ್ವದಲ್ಲಿ ಸೋಮವಾರಪೇಟೆಯ ಕಡೆಯ ಬೀದಹಳ್ಳಿ.

ಈಗ ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಡಿಸೆಂಬರ್ ತಿಂಗಳು, ಮಗಳಿಗೆ ಕಾಲೇಜಿನ ರಜೆ, ರಾತ್ರಿಯ ಊಟವಾಗಿದೆ. ಯಜಮಾನರಿಗೆ ವಯಸ್ಸು ಐವತ್ತನಾಲ್ಕು, ಬ್ಯಾಂಕಿನಲ್ಲಿ ಕೆಲಸ. ವಿದ್ಯಾರ್ಥಿಯಾಗಿದ್ದಾಗ ಕುಕ್ಕೆಯಿಂದ ಕುಮಾರ ಪರ್ವತವನ್ನು ಹತ್ತಿ ಬಂದವರು. ಅದನ್ನು ಮಗಳಿಗೆ ತೋರಿಸಬೇಕೆಂಬುದು ಅವರ ಬಹುದಿನದ ಆಸೆ. ಮೊಣಕಾಲಿನಲ್ಲಿ ಹೋದ ವರ್ಷದಿಂದ ಒಂದು ನೋವು ಕಾಣಿಸಿಕೊಂಡಿದೆ; ಆ ಕಾರಣಕ್ಕಾಗಿಯೇ ಆಸೆಗೆ ಅವಸರವೂ ಬಂದಿದೆ. ಇನ್ನೆರಡು ವರ್ಷ ತಡೆದರೆ ಹತ್ತಲಾಗುವುದೋ ಇಲ್ಲವೋ ಎಂಬ ಯೋಚನೆಯನ್ನು ಅವರು ಯಾರಿಗೂ ಹೇಳಿಲ್ಲ. ಮನೆಯಾಕೆಗೆ ಹೇಳದೆಯೇ ತಿಳಿದಿದೆ.

"ರಾತ್ರಿಯ ಬಸ್ಸಿಗೆ ಹೊರಟರೆ ಬೆಳಗ್ಗೆ ಕುಕ್ಕೆ. ಸ್ನಾನ, ದೇವರ ದರ್ಶನ. ಅಲ್ಲಿಂದ ಹತ್ತಿ, ಸಂಜೆಯೊಳಗೆ ಇಳಿದು, ಮತ್ತೆ ರಾತ್ರಿಯ ಬಸ್ಸು. ರಜೆ ಒಂದೇ ದಿನ ಸಾಕು," ಎಂದು ಅವರು ಕೈಬೆರಳಿನಲ್ಲಿ ಎಣಿಸಿ ಹೇಳಿದರು.

ಕೇಳುವುದಕ್ಕೆ ಈ ಯೋಜನೆ ಸೊಗಸಾಗಿದೆ. ಕುಕ್ಕೆಗೆ ಹೋಗುವುದು ಸುಲಭ. ಬೆಂಗಳೂರಿನಿಂದ ನೇರ ಬಸ್ಸುಗಳಿವೆ. ಸಕಲೇಶಪುರದ ಘಟ್ಟವಿಳಿದು ಮಂಗಳೂರಿಗೆ ಹೋಗುವ ರೈಲುಗಳು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ನಿಲ್ಲುತ್ತವೆ. ಅಲ್ಲಿಂದ ಕ್ಷೇತ್ರಕ್ಕೆ ಹನ್ನೆರಡು ಕಿಲೋಮೀಟರಿನ ಸುಮಾರು. ಉಳಿಯಲು ವಸತಿಗೃಹಗಳುಂಟು, ಊಟಕ್ಕೆ ಕೊರತೆಯಿಲ್ಲ. ಬೆಟ್ಟದ ಹಾದಿ ದೇವಸ್ಥಾನದಿಂದ ದೇವರಗದ್ದೆಯ ಕಡೆಗೆ ನಡೆದರೆ ಸಿಕ್ಕಿಬಿಡುತ್ತದೆ. ಬಾಗಿಲಿಗೆ ಮುಟ್ಟುವುದು ಸುಲಭವಾದಾಗ ಮನಸ್ಸು ಮನೆಯೂ ಹತ್ತಿರವೆಂದೇ ಭಾವಿಸುತ್ತದೆ. ಆದರೆ ಕುಕ್ಕೆಯಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 120 ಮೀಟರ್ ಮೇಲೆ. ಅಂದರೆ ಶಿಖರಕ್ಕೆ ಏರಬೇಕಾದುದು ಹತ್ತಿರ ಹತ್ತಿರ 1,600 ಮೀಟರ್; ನಡೆಯಬೇಕಾದುದು ಒಂದು ದಿಕ್ಕಿಗೇ ಸುಮಾರು 13 ಕಿಲೋಮೀಟರ್. ದಕ್ಷಿಣ ಭಾರತದ ಒಂದು ದಿನದ ಚಾರಣಗಳಲ್ಲಿ ಇಷ್ಟು ಏರಿಸುವ ಹಾದಿಗಳು ವಿರಳ.

ಮೊದಲ ಐದಾರು ಕಿಲೋಮೀಟರ್ ದಟ್ಟವಾದ ಕಾಡು. ಬೇರುಗಳೇ ಮೆಟ್ಟಿಲಾದ ಕಡಿದಾದ ದಾರಿ. ಗಾಳಿಯಿಲ್ಲದೆ ಬೆವರು ಸುರಿಯುತ್ತದೆ. ಅದು ಮುಗಿದಲ್ಲಿ ಗಿರಿಗದ್ದೆ. ಚಾರಣಿಗರೆಲ್ಲ ಬಲ್ಲ ಭಟ್ಟರ ಮನೆ. ಅದರಿಂದಾಚೆ ಅರಣ್ಯ ಇಲಾಖೆಯ ಚೌಕಿ. ಅಲ್ಲಿಂದ ಮುಂದೆ ಬೋಳು ಹುಲ್ಲುಗಾವಲು. ನೆರಳೆಂಬುದು ಕಲ್ಲುಮಂಟಪದ ಅಡಿಯಲ್ಲಿ ಮಾತ್ರ. ಮಂಟಪವನ್ನು ದಾಟಿ, ಎದೆಮಟ್ಟದ ಏರನ್ನು ಏರಿ ಶೇಷ ಪರ್ವತದ ತಲೆಯನ್ನು ಮುಟ್ಟಿದಾಗ ಹೊಸಬರು ಬಂದುಬಿಟ್ಟೆವೆಂದು ಹಿಗ್ಗುತ್ತಾರೆ. ಆಗಲೇ ಎದುರಿಗೆ, ಒಂದು ಕಣಿವೆಯ ಆಚೆ, ಇನ್ನೂ ಎತ್ತರವಾದ ಗುಡ್ಡ ಕಾಣುತ್ತದೆ. ಕುಮಾರ ಪರ್ವತ ಅದು. ಶೇಷ ಪರ್ವತದಿಂದ ಕಾಡಿನೊಳಕ್ಕೆ ಇಳಿದು ಮತ್ತೆ ಏರಬೇಕು. ಮರಳುವಾಗಲೂ ಹಾಗೆಯೇ: ಇಳಿದು, ಏರಿ, ಆಮೇಲೆ ಇಳಿಯಬೇಕು. ಭೂಪಟದಲ್ಲಿ ಬೆರಳಿಟ್ಟು ಅಳೆಯುವವರಿಗೆ ಈ ತಗ್ಗು ಗೋಚರಿಸುವುದಿಲ್ಲ.

ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕೆಂಬುದಕ್ಕೆ ಒಂದು ಹಳೆಯ ಲೆಕ್ಕವುಂಟು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ಇಂದಿನ ಅಳತೆಯಲ್ಲಿ ಐದು ಕಿಲೋಮೀಟರಿಗೊಂದು, ಆರುನೂರು ಮೀಟರಿಗೊಂದು ಎಂದುಕೊಂಡರೆ ತಪ್ಪಿಲ್ಲ. ಮಗಳು ಕಾಗದ ತಂದು ಅಪ್ಪನ ಯೋಜನೆಗೆ ಈ ಲೆಕ್ಕವನ್ನು ಹಚ್ಚಿದಳು. 13 ಕಿಲೋಮೀಟರಿಗೆ ಎರಡೂವರೆ ಗಂಟೆಗೆ ಮೇಲೆ, 1,600 ಮೀಟರಿಗೆ ಅಷ್ಟೇ, ಒಟ್ಟು ಐದೂಕಾಲು. ನೈಸ್ಮಿತ್ ಎಣಿಸಿದ್ದು ನುರಿತ ಕಾಲುಗಳನ್ನು. ಅವನ ಲೆಕ್ಕದಲ್ಲಿ ಬುತ್ತಿ ಬಿಚ್ಚುವುದಿಲ್ಲ, ನೀರಿಗೆ ನಿಲ್ಲುವುದಿಲ್ಲ, ಘಟ್ಟದ ಸೆಕೆಯೂ ಇಲ್ಲ. ವರ್ಷವೆಲ್ಲ ಕುರ್ಚಿಯಲ್ಲಿ ಕುಳಿತವರು ಅದಕ್ಕೆ ಅರ್ಧವನ್ನಾದರೂ ಕೂಡಿಸಿಕೊಳ್ಳುವುದು ನ್ಯಾಯ. ಹತ್ತುವುದಕ್ಕೇ ಎಂಟು ಗಂಟೆಯಾಯಿತು. ಇಳಿಯುವುದಕ್ಕೆ ಐದೆಂದರೂ ಹದಿಮೂರು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ. ಮುಳುಗುವುದು ಆರು ದಾಟುತ್ತಲೇ. ಹಗಲಿನ ಕೈಯಲ್ಲಿರುವುದು ಹನ್ನೊಂದೂವರೆ ಗಂಟೆಗೂ ಕಡಮೆ.

"ತಪ್ಪು ಲೆಕ್ಕ," ಎಂದರು ಅಪ್ಪ. "ನಾವು ಒಂದೇ ಹಗಲಿನಲ್ಲಿ ಹೋಗಿ ಬಂದಿದ್ದೆವು."

ಮನೆಯಾಕೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಭಟ್ಟರ ಮನೆಯಲ್ಲಿ ರಾತ್ರಿ ಉಂಡ ಸಾರಿನ ರುಚಿಯನ್ನು ಈ ಮೂವತ್ತು ವರ್ಷದಲ್ಲಿ ನೂರು ಸಲ ಹೇಳಿದ್ದೀರಿ. ರಾತ್ರಿ ಉಂಡಿರಿ ಎಂದಮೇಲೆ ಅದು ಒಂದು ಹಗಲಿನ ಮಾತು ಹೇಗಾದೀತು?"

ಯಜಮಾನರು ಸುಮ್ಮನಾದರು. ಅವರು ಸುಳ್ಳಾಡಿರಲಿಲ್ಲ. ನೆನಪು ಮಾಡುವ ಕೆಲಸವೇ ಅಂಥದು. ಅದು ಶಿಖರವನ್ನು ಉಳಿಸಿಕೊಂಡು ನಡುವಿನ ರಾತ್ರಿಯನ್ನು ಕಳೆದುಬಿಡುತ್ತದೆ. ಗಟ್ಟಿಗರಾದ ತರುಣರು ಬೆಳಕು ಹರಿಯುವ ಮೊದಲೇ ಹೊರಟು ಕುಕ್ಕೆಯ ಹಾದಿಯನ್ನು ಒಂದೇ ದಿನದಲ್ಲಿ ಮುಗಿಸುವುದುಂಟು. ಮಿಕ್ಕವರು ಬಹುಕಾಲದಿಂದ ಅದನ್ನು ಎರಡಾಗಿ ಮುರಿದುಕೊಂಡೇ ನಡೆದಿದ್ದಾರೆ. ಹಾಗೆ ಗಿರಿಗದ್ದೆಯಲ್ಲಿ ತಂಗುವುದಕ್ಕೆ ಇಂದು ಅವಕಾಶವುಂಟೇ ಎಂಬುದು ಆಯಾ ವರ್ಷದ ನಿಯಮಕ್ಕೆ ಸೇರಿದ ಮಾತು; ಹೋದವರ ಅನುಭವವನ್ನು ನೆಚ್ಚದೆ ಇಲಾಖೆಯನ್ನೇ ಕೇಳಬೇಕು.

ಪೂರ್ವದ ಬಾಗಿಲಿನ ಗುಣವೇ ಬೇರೆ. ಅಲ್ಲಿಗೆ ಮುಟ್ಟುವುದು ಕಷ್ಟ. ಮುಟ್ಟಿದ ಮೇಲೆ ಹತ್ತುವುದು ಕಡಮೆ. ಹಿಂದಿನ ದಿನವೇ ಸೋಮವಾರಪೇಟೆಗೆ ಹೋಗಿ ರಾತ್ರಿ ತಂಗಬೇಕು. ಅಲ್ಲಿಂದ ಬೀದಹಳ್ಳಿಗೆ ಸುಮಾರು ಇಪ್ಪತ್ತೈದು ಕಿಲೋಮೀಟರ್, ಬಸ್ಸುಗಳು ವಿರಳ, ಬೆಳಗ್ಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದರೆ ಬಾಡಿಗೆಯ ಜೀಪನ್ನು ರಾತ್ರಿಯೇ ಗೊತ್ತುಮಾಡಿಕೊಳ್ಳುವುದು ಮೇಲು. ಖರ್ಚು ಹೆಚ್ಚು, ರಜೆಯೂ ಒಂದು ದಿನ ಹೆಚ್ಚು. ಆದರೆ ಹಳ್ಳಿಯಿರುವುದೇ ಘಟ್ಟದ ಮೇಲೆ. ಶಾಂತಮಲ್ಲಿಕಾರ್ಜುನನ ಗುಡಿಯನ್ನು ಹಾದು, ಚೌಕಿಯಲ್ಲಿ ಹೆಸರು ಬರೆಸಿ ಹೊರಟರೆ ಶಿಖರಕ್ಕೆ ಆರೇಳು ಕಿಲೋಮೀಟರ್. ಏರುವುದು ಕುಕ್ಕೆಯ ಕಡೆಯ ಅರ್ಧದ ಆಸುಪಾಸು. ನೈಸ್ಮಿತ್ತನ ಲೆಕ್ಕಕ್ಕೆ ಅರ್ಧವನ್ನು ಕೂಡಿಸಿದರೂ ನಾಲ್ಕು ಗಂಟೆ, ಇಳಿಯಲು ಮೂರು. ಹಗಲಿನಲ್ಲಿ ನಾಲ್ಕು ಗಂಟೆ ಮಿಗುತ್ತದೆ. ಉಳುಕಿದ ಕಾಲಿಗೆ, ತಪ್ಪಿದ ದಾರಿಗೆ, ಇದ್ದಕ್ಕಿದ್ದಂತೆ ಕವಿಯುವ ಮಂಜಿಗೆ ಬೇಕಾದ ಗಂಟೆಗಳಿವು. ಯಾವ ಹಾದಿಯಲ್ಲಿ ಇಂಥ ಗಂಟೆಗಳು ಮಿಗುವುದಿಲ್ಲವೋ ಆ ಹಾದಿ, ಅದೆಷ್ಟು ಸುಂದರವಾಗಿದ್ದರೂ, ಆ ದಿನಕ್ಕೆ ಆ ನಡೆಯುವವರದಲ್ಲ.

ಹಾಗೆಂದು ಪೂರ್ವದ ಹಾದಿ ಸಸಾರವೇನಲ್ಲ. ಶಿಖರ ಇನ್ನೇನು ಬಂತೆನ್ನುವಾಗ ಕಡಿದಾದ ಹಾಸುಬಂಡೆಗಳು ಅಡ್ಡವಾಗುತ್ತವೆ. ಒಣಗಿದ್ದರೆ ಕೈಯೂರಿ ಏರಬಹುದು. ನೀರು ಜಿನುಗುತ್ತಿದ್ದರೆ ಅಲ್ಲಿ ಕಾಲು ನಿಲ್ಲುವುದಿಲ್ಲ. ಏರಿದವರು ಅದೇ ಬಂಡೆಯನ್ನು ದಣಿದ ಕಾಲುಗಳಿಂದ ಇಳಿಯಬೇಕೆಂಬುದನ್ನು ಅಲ್ಲಿ ನಿಂತು ಒಂದು ಗಳಿಗೆ ಯೋಚಿಸತಕ್ಕದ್ದು.

ಇಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಮನೆಯಾಕೆಯ ತಮ್ಮ ಆಗ ಬಾಯಿ ಹಾಕಿದ. "ಭಾವ, ಎರಡೂ ಬಾಗಿಲು ಬೇಕೆಂದರೆ ಒಂದುಪಾಯವಿದೆ. ಬೀದಹಳ್ಳಿಯಿಂದ ಹತ್ತೋಣ, ಕುಕ್ಕೆಗೆ ಇಳಿಯೋಣ. ಏರು ಕಡಮೆ, ನಿಮ್ಮ ಹಳೆಯ ದಾರಿಯೂ ಸಿಕ್ಕಿತು, ದೇವರ ದರ್ಶನವೂ ಆಯಿತು."

ಅಪ್ಪನ ಕಣ್ಣು ಅರಳಿತು. ಬೆಟ್ಟವನ್ನು ಅಡ್ಡಹಾಯುವ ಈ ಆಲೋಚನೆಯಂಥ ಮೋಹಕವಾದದ್ದು ಇನ್ನೊಂದಿಲ್ಲ. ಅನೇಕರು ಹಾಗೆ ಹೋದದ್ದೂ ಉಂಟು. ಆದರೆ ಅದು ಏರಿಳಿತಗಳ ಪೈಕಿ ಏರನ್ನು ಮಾತ್ರ ಎಣಿಸಿದ ಆಲೋಚನೆ. ಕುಕ್ಕೆಯ ಕಡೆಯ 1,600 ಮೀಟರ್ ಇಳಿಜಾರು ಎಲ್ಲಿಗೂ ಹೋಗಿರುವುದಿಲ್ಲ. ಏರುವಾಗ ದಣಿಯುವುದು ಉಸಿರು. ನಿಂತರೆ ಮರಳಿ ಬರುತ್ತದೆ. ಇಳಿಯುವಾಗ ಸವೆಯುವುದು ಮೊಣಕಾಲು. ನಿಂತರೆ ಇನ್ನಷ್ಟು ಬಿಗಿಯುತ್ತದೆ. ಮಧ್ಯಾಹ್ನದ ಬಿಸಿಲನ್ನು ಮುಖಕ್ಕೆ ಹಿಡಿದು ಹುಲ್ಲುಗಾವಲನ್ನು ಇಳಿದು ಗಿರಿಗದ್ದೆಗೆ ಬರುವ ವೇಳೆಗೆ ಹೊತ್ತು ವಾಲಿರುತ್ತದೆ. ಅಲ್ಲಿಂದ ಕೆಳಗೆ ಮತ್ತೆ ಆ ದಟ್ಟ ಕಾಡು. ಹೊರಗೆ ಬೆಳಕಿರುವಾಗಲೇ ಒಳಗೆ ಮಬ್ಬುಗತ್ತಲೆ. ದಿನದ ಅತಿ ಕಷ್ಟದ ಇಳಿಜಾರು ಅತಿ ದಣಿದ ಕಾಲುಗಳಿಗೆ ಅತಿ ಕಡಮೆ ಬೆಳಕಿನಲ್ಲಿ ಒದಗುತ್ತದೆ.

ಇನ್ನು ವಾಹನ. ಬೀದಹಳ್ಳಿಯಲ್ಲಿ ಬಿಟ್ಟ ಕಾರು ತಾನಾಗಿ ಕುಕ್ಕೆಗೆ ಬರುವುದಿಲ್ಲ. ಬಿಸಿಲೆ ಘಟ್ಟದ ಮೇಲೆ ಸುತ್ತಿಕೊಂಡು ಅದನ್ನು ಚಾಲಕನೊಬ್ಬ ತರಬೇಕು; ಎರಡು ಗಂಟೆಗೂ ಹೆಚ್ಚಿನ ದಾರಿ. ಬೆಟ್ಟದ ಮೇಲೆ ದೂರವಾಣಿ ಎಲ್ಲೆಡೆ ಕೆಲಸಮಾಡುವುದಿಲ್ಲವಾದ್ದರಿಂದ, ಮೇಲಿನವರು ಮನಸ್ಸು ಬದಲಿಸಿ ಬಂದ ದಾರಿಯಲ್ಲೇ ಮರಳಿದರೆ ಅವನಿಗೆ ಸುದ್ದಿ ಮುಟ್ಟಿಸುವ ಬಗೆಯಿಲ್ಲ. ಆಗ ಕಾರು ಕುಕ್ಕೆಯಲ್ಲಿ, ಜನ ಬೀದಹಳ್ಳಿಯಲ್ಲಿ! ಹಿಂದಿರುಗುವ ಸ್ವಾತಂತ್ರ್ಯವನ್ನು ಬೆಳಗ್ಗೆಯೇ ಮಾರಿಕೊಂಡಂತಾಗುತ್ತದೆ. ಒಂದು ಚೌಕಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳಲು ಅನುಮತಿಯುಂಟೇ ಎಂಬುದನ್ನೂ ಮೊದಲೇ ವಿಚಾರಿಸಬೇಕು.

ಅನುಮತಿಯ ಮಾತು ಈಚೆಗೆ ಔಪಚಾರಿಕವಾಗಿ ಉಳಿದಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲುರಜೆಗೆ ಕುಕ್ಕೆಯ ಕಡೆಯಿಂದ ನುಗ್ಗಿದ ಜನಜಂಗುಳಿಯ ಚಿತ್ರಗಳು ಪತ್ರಿಕೆಗಳಲ್ಲೆಲ್ಲ ಬಂದವು. ಗಿರಿಗದ್ದೆಯ ಚೌಕಿಯ ಮುಂದೆ ಜಾತ್ರೆಯ ಸಾಲು. ಆ ಬಳಿಕ ಅರಣ್ಯ ಇಲಾಖೆ ಚಾರಣಪಥಗಳಿಗೆ ದಿನಕ್ಕೆ ಇಷ್ಟೇ ಮಂದಿಯೆಂದು ಮಿತಿ ಹಾಕಿ, ಅಂತರಜಾಲದಲ್ಲಿ ಮುಂಗಡವಾಗಿ ಕಾಯ್ದಿರಿಸುವ ಕ್ರಮವನ್ನು ತಂದಿತು. ಮಳೆಗಾಲದಲ್ಲಿಯೂ, ಕಾಳ್ಗಿಚ್ಚಿನ ಭಯವಿರುವ ಬೇಸಗೆಯಲ್ಲಿಯೂ ದಾರಿ ಮುಚ್ಚುವುದುಂಟು. ಒಂದು ಬಾಗಿಲು ಭರ್ತಿಯಾಗಿದ್ದು ಇನ್ನೊಂದು ತೆರೆದಿರಬಹುದಾದ್ದರಿಂದ, ಎರಡನ್ನೂ ನೋಡಿದ ಮೇಲೆಯೇ ಬಸ್ಸಿನ ಚೀಟಿ ಕೊಳ್ಳುವುದು ಜಾಣತನ.

ಬಸವನಗುಡಿಯ ಮನೆಯಲ್ಲಿ ಗಡಿಯಾರ ಹತ್ತೂವರೆ ಹೊಡೆಯಿತು. ಯಜಮಾನರು ಮಗಳ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮನಸ್ಸಿನಲ್ಲಿದ್ದುದು ಲೆಕ್ಕವಲ್ಲವೆಂದು ಹೆಂಡತಿಗೆ ಗೊತ್ತಿತ್ತು. ತಾವು ಹತ್ತಿದ ದಾರಿಯನ್ನು ಮಗಳು ಹತ್ತುವುದಿಲ್ಲವಲ್ಲ ಎಂಬ ಸಣ್ಣ ವ್ಯಥೆ ಅದು.

"ಅಪ್ಪ, ಶಿಖರ ಒಂದೇ ತಾನೇ? ಮೇಲೆ ನಿಂತು ಆ ಕಡೆಯ ದಾರಿಯನ್ನು ನೀವು ಬೆರಳಿಟ್ಟು ತೋರಿಸಿ," ಎಂದಳು ಮಗಳು.

"ಮರುದಿನ ಬೆಳಗ್ಗೆ ಅದೇ ಜೀಪಿನಲ್ಲಿ ಬಿಸಿಲೆಯ ಮೇಲೆ ಕುಕ್ಕೆಗೆ ಹೋಗೋಣ," ಎಂದರು ತಾಯಿ. "ನಾನು ಬೆಟ್ಟಕ್ಕೆ ಬರುವುದಿಲ್ಲ, ಸೋಮವಾರಪೇಟೆಯಲ್ಲಿ ಇರುತ್ತೇನೆ. ಆದರೆ ಒಂದು ಮಾತು. ಎಲ್ಲಿಯವರೆಗೆ ಹತ್ತುತ್ತೀರೋ ನನಗೆ ಬೇಡ. ಎಷ್ಟು ಗಂಟೆಗೆ ತಿರುಗುತ್ತೀರಿ, ಅದನ್ನು ಈಗಲೇ ಹೇಳಿ."

ಅಪ್ಪ, ಮಗಳು, ತಮ್ಮ ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಅಪ್ಪ ಒಂದೂವರೆ ಎಂದರು. ಮಗಳು ಹನ್ನೆರಡೂವರೆ ಎಂದಳು. ಸ್ವಲ್ಪ ಹೊತ್ತು ಚೌಕಾಸಿ ನಡೆಯಿತು. ಕೊನೆಗೆ ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ಶನಿವಾರದ ಅಂಕಿಯ ಕೆಳಗೆ ಸೀಸದಕಡ್ಡಿಯಿಂದ 'ಒಂದು ಗಂಟೆ' ಎಂದು ಬರೆದು, ದೀಪವಾರಿಸಲು ಎದ್ದರು.